ಆರು ವಾರದ ಸಮಾಜಶಾಸ್ತ್ರ

ಮೊಮ್ಮಗಳು ಒಂದು ಸಂಜೆ ನನ್ನನ್ನು ‘ನೀವು’ ಅಂದಳು.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮಗನ ಮನೆ. ಜುಲೈ ತಿಂಗಳು, ನಮ್ಮ ಲೆಕ್ಕಕ್ಕೆ ಆಷಾಢ, ಅವರ ಲೆಕ್ಕಕ್ಕೆ ನಡುಬೇಸಿಗೆ. ನಾನು ಬಸ್ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹತ್ತೊಂಬತ್ತರ ಹುಡುಗಿ ಅಡುಗೆಮನೆ ಬಾಗಿಲಲ್ಲಿ ಕೈಕಟ್ಟಿ ನಿಂತು, “ಅಜ್ಜಿ, ನಿಮಗೆ ತೊಂದರೆ ಇಲ್ಲಾಂದ್ರೆ ಫ್ರಿಜ್ ತೆಗೀಬಹುದಾ?” ಅಂದಳು. ಮಾತು ಬಂದ ದಿನದಿಂದ ನನ್ನನ್ನು ‘ನೀನು’ ಅಂದೇ ಕರೆದವಳು. ಮೊಸರಿನ ಡಬ್ಬ ತೆಗೆದುಕೊಂಡು “ತುಂಬಾ ಥ್ಯಾಂಕ್ಸ್” ಎಂದಳು. ಊಟಕ್ಕೆ ಕರೆಯುವವರೆಗೂ ಕುರ್ಚಿ ಎಳೆಯಲಿಲ್ಲ. ಕೂತ ಮೇಲೆ ಅವರಪ್ಪನಿಗೆ, “ಇವತ್ತು ನಿಮ್ಮ ಆಫೀಸು ಹೇಗಿತ್ತು?” ಅಂದಳು. ಮಗ ಫೋನಿನಿಂದ ತಲೆಯೆತ್ತಿ, “ಏನು, ಕಾರ್ ಕೀ ಬೇಕಾ?” ಅಂದ. ಸೊಸೆ ಎಡಗೈಯಲ್ಲಿ ಮಗಳ ಹಣೆ ಮುಟ್ಟಿ ನೋಡಿದಳು. ನನಗೋ, ಮುದ್ದೆ ಗಂಟಲಲ್ಲೇ ನಿಂತಿತು. ನಿನ್ನೆ ರಾತ್ರಿ ಅವಳ ಬಟ್ಟೆ ಬಗ್ಗೆ ಏನಾದರೂ ಅಂದುಬಿಟ್ಟೆನಾ ಅಂತ ಮನಸ್ಸು ಹಿಂದಕ್ಕೆ ಹಿಂದಕ್ಕೆ ಹೋಯಿತು.

ಇಪ್ಪತ್ತು ನಿಮಿಷ ಕಳೆದಿರಬೇಕು. ಹುಡುಗಿ ತಡೆಯಲಾರದೆ ನಕ್ಕುಬಿಟ್ಟಳು. “ಸೋಷಿಯಾಲಜಿ ಅಸೈನ್‌ಮೆಂಟು ಅಜ್ಜಿ! ನಿಂದೇ ಸಬ್ಜೆಕ್ಟು!”

ನಂದೇ ಸಬ್ಜೆಕ್ಟು. ಮಂಡ್ಯ ಜಿಲ್ಲೆಯ ಪದವಿ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಮಾಜಶಾಸ್ತ್ರ ಹೇಳಿದವಳು ನಾನು. ಮೊಮ್ಮಗಳು ನನ್ನ ಮೇಲೆ ಪ್ರಯೋಗಿಸಿದ್ದು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿದ್ದ ಹೆರಾಲ್ಡ್ ಗಾರ್ಫಿಂಕಲ್ ತನ್ನ ವಿದ್ಯಾರ್ಥಿಗಳಿಗೆ ಕೊಟ್ಟಿದ್ದ ಕೆಲಸ. ಸ್ವಂತ ಮನೆಯಲ್ಲಿ ಹದಿನೈದು ನಿಮಿಷದಿಂದ ಒಂದು ಗಂಟೆಯವರೆಗೆ ಬಾಡಿಗೆಗೆ ಬಂದವರ ಹಾಗೆ ನಡೆದುಕೊಳ್ಳಿ: ಕೇಳಿಯೇ ಮುಟ್ಟಿ, ಕರೆದರೆ ಮಾತ್ರ ಮಾತಾಡಿ, ವಿನಯ ಬಿಡಬೇಡಿ. ಆಮೇಲೆ ಏನಾಯಿತು ಅಂತ ಬರೆದು ತನ್ನಿ. ಬಂದ ವರದಿಗಳಲ್ಲಿ ಅಮ್ಮಂದಿರು ಗಾಬರಿಬಿದ್ದಿದ್ದರು, ಅಪ್ಪಂದಿರು ರೇಗಿದ್ದರು, ಮೈ ಹುಷಾರಿಲ್ಲವಾ ಅಂತ ಕೇಳಿದ್ದರು. ಯಾರೂ ಬರೆದಿಡದ ನಿಯಮಗಳ ಮೇಲೆ ಮನೆ ನಿಂತಿದೆ, ಮುರಿದಾಗಲೇ ಅವು ಕಣ್ಣಿಗೆ ಬೀಳುತ್ತವೆ ಎಂಬುದು ಅವನ ವಾದ. 1967ರಲ್ಲಿ ಅದು ಪುಸ್ತಕವಾಗಿ ಬಂತು. ನಾನು ಮೈಸೂರಿನಲ್ಲಿ ಎಂ.ಎ. ಓದುವಾಗ ಗಾರ್ಫಿಂಕಲ್ ಅಂದರೆ ಐದು ಅಂಕದ ಟಿಪ್ಪಣಿ. ಬರೆದು ಐದಕ್ಕೆ ನಾಲ್ಕು ತೆಗೆದುಕೊಂಡಿದ್ದೆ. ಅವನು ಹೇಳಿದ್ದು ನಿಜ ಅಂತ ಗೊತ್ತಾಗಲು ನಲವತ್ತು ವರ್ಷ ಕಳೆದು, ಸಮುದ್ರ ದಾಟಿ, ಮೊಮ್ಮಗಳ ಬಾಯಲ್ಲಿ ಒಂದು ‘ನೀವು’ ಕೇಳಬೇಕಾಯಿತು. ಕನ್ನಡ ಮನೆಯಲ್ಲಿ ಈ ಪ್ರಯೋಗಕ್ಕೆ ಒಂದು ಅಕ್ಷರವೇ ಸಾಕು ಎಂದು ಪಾಪ ಅವನಿಗೆ ತಿಳಿದಿರಲಾರದು. ಇಂಗ್ಲಿಷಿನವರಿಗೆ ಎಲ್ಲರೂ ‘ಯೂ’.

ಹುಡುಗಿ ಓದುತ್ತಿರುವುದು ಸಮಾಜಶಾಸ್ತ್ರವಲ್ಲ, ಜೀವಶಾಸ್ತ್ರ. ಡಾಕ್ಟರಾಗಬೇಕು. ಅಲ್ಲಿ ನಮ್ಮ ಹಾಗೆ ಪಿಯುಸಿ ಮುಗಿಸಿ, ನೀಟ್ ಬರೆದು ಸೀದಾ ಮೆಡಿಕಲ್ ಸೇರುವಂತಿಲ್ಲ. ನಾಲ್ಕು ವರ್ಷದ ಪದವಿ ಓದಿ, ಎಂಕ್ಯಾಟ್ ಎಂಬ ಪರೀಕ್ಷೆ ಬರೆಯಬೇಕು. 2015ರಲ್ಲಿ ಆ ಪರೀಕ್ಷೆಯನ್ನು ಹೊಸದಾಗಿ ರೂಪಿಸಿದಾಗ, ಮನುಷ್ಯನ ನಡವಳಿಕೆಯ ಮಾನಸಿಕ, ಸಾಮಾಜಿಕ, ಜೈವಿಕ ಬೇರುಗಳ ಮೇಲೆ ಒಂದು ಪೂರ್ತಿ ಭಾಗ ಸೇರಿಸಿದರು. 95 ನಿಮಿಷದಲ್ಲಿ 59 ಪ್ರಶ್ನೆ; ಅದರಲ್ಲಿ ಶೇ 30ರಷ್ಟು ಸಮಾಜಶಾಸ್ತ್ರದ್ದು. ರೋಗಿಯ ಸಕ್ಕರೆ ಕಾಯಿಲೆ ಅವನ ರಕ್ತದಲ್ಲಿ ಮಾತ್ರ ಇಲ್ಲ, ಅವನ ಬಡಾವಣೆಯಲ್ಲಿ, ಸಂಬಳದಲ್ಲಿ, ಚರ್ಮದ ಬಣ್ಣದಲ್ಲೂ ಇದೆ ಎಂಬುದನ್ನು ಡಾಕ್ಟರಾಗುವವರು ಓದಲಿ ಅಂತ. ಉದ್ದೇಶ ದೊಡ್ಡದು. ಫಲಿತಾಂಶ ಏನೆಂದರೆ, ಫ್ರೀಮಾಂಟ್, ಕ್ಯೂಪರ್ಟಿನೊ, ಸನಿವೇಲ್ ಕಡೆಯ ನಮ್ಮವರ ಮನೆಗಳಲ್ಲಿ “ಸೋಷಿಯಾಲಜಿನಾ? ಅದ್ಯಾಕೆ?” ಎನ್ನುತ್ತಿದ್ದ ಅಪ್ಪ ಅಮ್ಮಂದಿರು ಈಗ “ಬೇಸಿಗೇಲಿ ಬೇಗ ಮುಗಿಸ್ಕೋ” ಎನ್ನುತ್ತಾರೆ. ನಮ್ಮಲ್ಲಿ ಎಚ್‌ಇಪಿ ಸಿಗದವರು ಎಚ್‌ಇಎಸ್ ಸೇರುತ್ತಿದ್ದರು. ‘ಎಸ್’ ಅಂದರೆ ಸೋಷಿಯಾಲಜಿ, ಅಂದರೆ ನಾನು. ಶಂಕರರಾಯರ ದಪ್ಪ ಪುಸ್ತಕವೊಂದಿದ್ದರೆ ಪಾಸು ಎಂಬ ಹೆಸರಿದ್ದ ವಿಷಯ. ಅದಕ್ಕೊಂದು ಮೆಡಿಕಲ್ ಸೀಟಿನ ನಂಟು ಬಂದದ್ದು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಇವಳೊಬ್ಬಳೇ ಅಲ್ಲ. ದೂರದ ಕ್ಯಾಂಪಸ್ಸಿನಲ್ಲಿ ಓದುವ ಮಕ್ಕಳು ಬೇಸಿಗೆಗೆ ಊರಿಗೆ ಬಂದಾಗ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ವಿಷಯ ಮುಗಿಸಿ, ಆ ಕ್ರೆಡಿಟ್ಟನ್ನು ತಮ್ಮ ವಿಶ್ವವಿದ್ಯಾಲಯಕ್ಕೆ ಒಯ್ಯುವುದು ಅಲ್ಲಿ ಸಾಮಾನ್ಯ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಈ ಕಾಲೇಜುಗಳಲ್ಲಿ ಯೂನಿಟ್ಟಿಗೆ 46 ಡಾಲರ್. ಮೂರು ಯೂನಿಟ್ಟಿನ ಕೋರ್ಸಿಗೆ 138. “ನಾವು ನಾಲ್ಕು ಜನ ಹೋಟೆಲಿಗೆ ಹೋದರೆ ಆಗುವ ಬಿಲ್ಲು” ಅಂದ ಮಗ. ಪಠ್ಯಪುಸ್ತಕಕ್ಕೂ ದುಡ್ಡಿಲ್ಲ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2012ರಿಂದ ಸಮಾಜಶಾಸ್ತ್ರದ ಪ್ರವೇಶಪುಸ್ತಕವನ್ನು ಬಿಟ್ಟಿಯಾಗಿ ಕೊಡುತ್ತಿದೆ. ಇವಳ ತರಗತಿಯಲ್ಲಿ ನರ್ಸಿಂಗ್ ಸೇರಬೇಕೆಂದಿದ್ದ ಇಬ್ಬರು ಮಕ್ಕಳ ತಾಯಿ ಒಬ್ಬಳಿದ್ದಳು, ರಾತ್ರಿ ಪಾಳಿಯ ಗೋದಾಮು ನೌಕರನಿದ್ದ, ಹೈಸ್ಕೂಲಿನ ಹುಡುಗನಿದ್ದ, ನನ್ನ ವಯಸ್ಸಿನ ನಿವೃತ್ತ ಬಸ್ ಚಾಲಕರೊಬ್ಬರಿದ್ದರು. ಮೂವತ್ತೊಂದು ವರ್ಷದಲ್ಲಿ ಅಂಥ ಒಂದು ತರಗತಿ ನನಗೆ ಸಿಕ್ಕಿರಲಿಲ್ಲ. ಪಾಠಕ್ಕೆ ಮೊದಲೇ ಅರ್ಧ ಸಮಾಜ ಬಂದು ಬೆಂಚಿನ ಮೇಲೆ ಕೂತಿದೆ.

ಇನ್ನು ಆ ಓಟ! ಮಾಮೂಲಿ ಸೆಮಿಸ್ಟರಿನಲ್ಲಿ ಹದಿನೈದು ವಾರ ಹಿಡಿಯುವುದು ಬೇಸಿಗೆಯಲ್ಲಿ ಆರು ವಾರ. ಮೂರು ಕ್ರೆಡಿಟ್ ಅಂದರೆ ತರಗತಿಯದೇ 45 ಗಂಟೆ. ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಮನೆ ಓದು ಎಂಬುದು ಅಲ್ಲಿಯ ಅಳತೆ. ಒಟ್ಟು 135. ಆರರಿಂದ ಭಾಗಿಸಿದರೆ ವಾರಕ್ಕೆ ಇಪ್ಪತ್ತೆರಡೂವರೆ ಗಂಟೆ, ಒಂದೇ ಒಂದು ವಿಷಯಕ್ಕೆ. ಸೋಮವಾರ ಡರ್ಕೈಮ್ ಹುಟ್ಟಿದ, ಬುಧವಾರ ಸತ್ತ. ಗುರುವಾರ ವೇಬರ್. ವಾರಾಂತ್ಯದೊಳಗೆ ‘ಚರ್ಚೆ’ಗೆ ಇನ್ನೂರೈವತ್ತು ಪದ ಬರೆದು, ಜೊತೆಯ ಇಬ್ಬರು ಬರೆದದ್ದಕ್ಕೆ ಉತ್ತರಿಸಬೇಕು. ಎಲ್ಲಕ್ಕೂ ಗಡುವು ರಾತ್ರಿ 11 ಗಂಟೆ 59 ನಿಮಿಷ. ಹನ್ನೆರಡು ಅಂತ ಏಕೆ ಇಡುವುದಿಲ್ಲವೋ. ಭಾನುವಾರ ರಾತ್ರಿ ಹತ್ತಾದರೆ ಮನೆಗೆ ಜ್ವರ ಬಂದ ಹಾಗೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಚಾರ್ಜರು, ಅರ್ಧ ತಿಂದ ಮಾವಿನಹಣ್ಣು, ಮೆಕ್ಸಿಕೋದ್ದು, ನಾರು.

ಇಷ್ಟು ಅವಸರದಲ್ಲಿ ಏನು ಕಲಿಯಲು ಸಾಧ್ಯ? ನನ್ನೊಳಗಿನ ಮೇಷ್ಟ್ರಿಗೆ ಮೊದಲ ಎರಡು ವಾರ ಇದೇ ಸಂಕಟ. ಸಮಾಜಶಾಸ್ತ್ರ ನಿಧಾನದ ವಿದ್ಯೆ. ಜೋಳದ ರೊಟ್ಟಿ ಬಡಿಯುವುದನ್ನು ಯೂಟ್ಯೂಬಿನಲ್ಲಿ ಎರಡರಷ್ಟು ವೇಗದಲ್ಲಿ ನೋಡಿ ಕಲಿಯಲಾಗುತ್ತದೆಯೇ? ಆದರೆ ಆ ಕೋರ್ಸಿನ ಮೇಡಂ ಚುರುಕಿನವಳು. ಪಿಎಚ್.ಡಿ. ಇನ್ನೂ ಮುಗಿದಿಲ್ಲ, ಬೇಸಿಗೆ ಕೋರ್ಸುಗಳನ್ನು ಇಂಥ ಸಂಶೋಧನಾ ವಿದ್ಯಾರ್ಥಿಗಳು, ಗುತ್ತಿಗೆ ಅಧ್ಯಾಪಕರು ನಡೆಸುವುದೇ ಹೆಚ್ಚು. ನಮ್ಮ ಅತಿಥಿ ಉಪನ್ಯಾಸಕರ ಸೋದರಿ ಅನ್ನಿ. ಅವಳು ಪ್ರಬಂಧ ಬರೆಸುವುದನ್ನೇ ಬಿಟ್ಟಿದ್ದಳು. ಪ್ರಬಂಧವನ್ನು ಚಾಟ್‌ಜಿಪಿಟಿ ಅರೆ ನಿಮಿಷದಲ್ಲಿ ಬರೆಯುತ್ತದೆ. ಬದಲಿಗೆ ವಾರಕ್ಕೊಂದು ಕೆಲಸ. ನಿಮ್ಮ ಮನೆಯಲ್ಲಿ ಬಾಡಿಗೆದಾರರಾಗಿ. ಲಿಫ್ಟಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ನಿಂತು ನೋಡಿ. ಮನೆಗೆಲಸ ಯಾರು ಎಷ್ಟು ಮಾಡುತ್ತಾರೆಂದು ಮೂರು ದಿನ ಗಡಿಯಾರ ಹಿಡಿದು ಬರೆದಿಡಿ. ಬೇಸಿಗೆಯಲ್ಲಿ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಇರುವುದಿಲ್ಲ, ಮನೆಯಲ್ಲೋ ಕೆಲಸದಲ್ಲೋ ಇರುತ್ತಾನೆ; ಹಾಗಿದ್ದ ಮೇಲೆ ಪಾಠವನ್ನು ಅಲ್ಲೇ ಇಟ್ಟರಾಯಿತು ಎಂಬ ಲೆಕ್ಕ.

ಗಡಿಯಾರದ ಕೆಲಸದಲ್ಲಿ ಸಣ್ಣದೊಂದು ಜಗಳವಾಯಿತು. ಆರ್ಲೀ ಹಾಕ್‌ಶೀಲ್ಡ್ ಎಂಬ ಬರ್ಕ್ಲಿಯ ಸಮಾಜಶಾಸ್ತ್ರಜ್ಞೆ ಇದೇ ಸೀಮೆಯ ಗಂಡಹೆಂಡಿರ ಮನೆಗಳಲ್ಲಿ ಕೂತು ನೋಡಿ, ನೌಕರಿ ಮಾಡುವ ಹೆಂಗಸಿಗೆ ಮನೆಯಲ್ಲಿ ಎರಡನೇ ಪಾಳಿ ಕಾದಿರುತ್ತದೆ ಎಂದು 1989ರಲ್ಲಿ ಬರೆದಳು. ಅವಳ ಲೆಕ್ಕದಲ್ಲಿ ಹೆಂಗಸು ಗಂಡಸಿಗಿಂತ ವರ್ಷಕ್ಕೆ ಒಂದು ತಿಂಗಳು ಹೆಚ್ಚು ದುಡಿಯುತ್ತಾಳೆ, ಅದೂ ದಿನಕ್ಕೆ ಇಪ್ಪತ್ತನಾಲ್ಕು ಗಂಟೆಯ ತಿಂಗಳು. ಮೊಮ್ಮಗಳ ಪಟ್ಟಿಯಲ್ಲಿ ಮೂರು ದಿನಕ್ಕೆ ಸೊಸೆಯದು ಹನ್ನೊಂದು ಗಂಟೆ, ಮಗನದು ಎರಡೂಮುಕ್ಕಾಲು. “ಅಜ್ಜಿ ಬಂದಿದ್ದಾಳಲ್ಲ, ಅದಕ್ಕೇ ಕಮ್ಮಿ” ಅಂದ ಮಗ. “ಅಜ್ಜೀದು ಒಂಬತ್ತು ಗಂಟೆ, ಬೇರೆ ಕಾಲಮ್ಮು” ಅಂದಳು ಹುಡುಗಿ. ಸೊಸೆ ಏನೂ ಮಾತಾಡಲಿಲ್ಲ. ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು, ನಾನು ಹೊರಡುವವರೆಗೂ ಅದು ಅಲ್ಲೇ ಇತ್ತು.

ಬೇಸಿಗೆ ತರಗತಿ ಅಮೆರಿಕಕ್ಕೆ ಹೊಸದೇನಲ್ಲ. ಹಾರ್ವರ್ಡಿನ ಬೇಸಿಗೆ ಶಾಲೆಯ ಹುಟ್ಟು 1871. ನ್ಯೂಯಾರ್ಕ್ ರಾಜ್ಯದ ಷಟಾಕ್ವಾ ಎಂಬ ಕೆರೆಯ ದಂಡೆಯಲ್ಲಿ 1874ರಲ್ಲಿ ಭಾನುವಾರದ ಶಾಲೆಯ ಶಿಕ್ಷಕರಿಗೆಂದು ಬೇಸಿಗೆ ಕೂಟ ಶುರುವಾಯಿತು. ಡೇರೆ ಹೊಡೆದುಕೊಂಡು ಪಾಠ ಕೇಳುವುದು, ಸಂಜೆ ಸಂಗೀತ, ಹೆಚ್ಚುಕಡಿಮೆ ನಮ್ಮ ಜಾತ್ರೆಯ ಹರಿಕಥೆ. ಅಲ್ಲಿ ಹೀಬ್ರೂ ಕಲಿಸುತ್ತಿದ್ದ ವಿಲಿಯಂ ರೈನಿ ಹಾರ್ಪರ್ ಮುಂದೆ ಷಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷನಾದ. 1892ರಲ್ಲಿ ಬಾಗಿಲು ತೆರೆದ ಆ ವಿಶ್ವವಿದ್ಯಾಲಯದಲ್ಲಿ ಅವನು ವರ್ಷವನ್ನು ನಾಲ್ಕು ಪಾಲು ಮಾಡಿ, ಬೇಸಿಗೆಯನ್ನೂ ಉಳಿದ ಮೂರರ ಸರಿಸಮಕ್ಕೆ ಕೂರಿಸಿದ. ಅದೇ ವರ್ಷ ಅಲ್ಲೇ ಆಲ್ಬಿಯನ್ ಸ್ಮಾಲ್ ಕೈಯಲ್ಲಿ ಅಮೆರಿಕದ ಮೊದಲ ಸಮಾಜಶಾಸ್ತ್ರ ವಿಭಾಗವೂ ಶುರುವಾಯಿತು. ಹೊಲದ ಕೆಲಸಕ್ಕೆಂದು ಬೇಸಿಗೆ ರಜೆ ಬಂತು ಎಂದು ಅಲ್ಲಿಯವರು ಸಲೀಸಾಗಿ ಹೇಳುತ್ತಾರೆ. ನನ್ನಂಥ ರೈತರ ಮಗಳಿಗೆ ಆಗಲೇ ಅನುಮಾನ. ಬಿತ್ತನೆ ವಸಂತದಲ್ಲಿ, ಕೊಯ್ಲು ಶರತ್ತಿನಲ್ಲಿ. ನಡುವಿನ ಬೇಸಿಗೆಯಲ್ಲಿ ಮಕ್ಕಳಿಂದ ಆಗಬೇಕಾದದ್ದೇನು? ಹಳ್ಳಿ ಶಾಲೆಗಳು ಆಗ ಬೇಸಿಗೆಯಲ್ಲೂ ನಡೆಯುತ್ತಿದ್ದವು. ರಜೆ ಬಂದದ್ದು ಪಟ್ಟಣದ ಸೆಕೆಯಿಂದ, ಉಳ್ಳವರ ಪ್ರವಾಸದಿಂದ.

ನನಗೆ ಹೆಚ್ಚು ಇಷ್ಟವಾದ ಬೇಸಿಗೆ ಮಾತ್ರ 1897ರದ್ದು. ಡಬ್ಲ್ಯು.ಇ.ಬಿ. ಡು ಬಾಯ್ಸ್ ಎಂಬ ಕಪ್ಪು ಜನಾಂಗದ ತರುಣ ವಿದ್ವಾಂಸ ಆ ಜುಲೈ, ಆಗಸ್ಟ್ ತಿಂಗಳು ವರ್ಜೀನಿಯಾದ ಫಾರ್ಮ್‌ವಿಲ್ ಎಂಬ ಸಣ್ಣ ಊರಿನಲ್ಲಿ, ತನ್ನ ಜನರ ನಡುವೆ ಇದ್ದು ಮನೆಮನೆಯ ವಿವರ ಬರೆದುಕೊಂಡ. ವರದಿ ಮರುವರ್ಷ ಸರ್ಕಾರದ ಕಾರ್ಮಿಕ ಇಲಾಖೆಯಿಂದಲೇ ಅಚ್ಚಾಯಿತು. ಅದಕ್ಕೆ ಹತ್ತು ವರ್ಷ ಮೊದಲು, ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಪದವಿಗೆ ಓದುತ್ತಿದ್ದಾಗಲೂ, ಬೇಸಿಗೆ ಬಂದರೆ ಟೆನೆಸ್ಸಿಯ ಹಳ್ಳಿಗಾಡಿಗೆ ನಡೆದುಹೋಗಿ ಬಡ ಕಪ್ಪು ಮಕ್ಕಳಿಗೆ ಶಾಲೆ ನಡೆಸಿದ್ದ. ಅವನ ಸಮಾಜಶಾಸ್ತ್ರದ ಮೊದಲ ಪಾಠ ಆ ರಜೆಯಲ್ಲೇ ಆಯಿತು ಎಂದು ನನ್ನ ಎಣಿಕೆ.

ಇಂಥ ವಿಷಯಕ್ಕೆ ಎಲ್ಲ ಕಡೆಯೂ ಮರ್ಯಾದೆ ಇದೆ ಅಂತಲ್ಲ. 2024ರ ಜನವರಿಯಲ್ಲಿ ಫ್ಲಾರಿಡಾ ರಾಜ್ಯ ತನ್ನ ಸರ್ಕಾರಿ ಕಾಲೇಜುಗಳ ಸಾಮಾನ್ಯ ಶಿಕ್ಷಣದ ಪಟ್ಟಿಯಿಂದ ಸಮಾಜಶಾಸ್ತ್ರದ ಪ್ರವೇಶ ಕೋರ್ಸನ್ನು ತೆಗೆದು, ಆ ಜಾಗದಲ್ಲಿ ಅಮೆರಿಕದ ಇತಿಹಾಸ ಕೂರಿಸಿತು. ಒಂದು ಕಡೆ ಡಾಕ್ಟರಾಗಲು ಬೇಕು, ಇನ್ನೊಂದು ಕಡೆ ಯಾರಿಗೂ ಬೇಡ. ನಮ್ಮ ವಿಷಯದ ಹಣೆಬರಹವೇ ಇಷ್ಟು.

ಒಂದು ಶನಿವಾರ ಮಗನನ್ನು ಹೊರಡಿಸಿಕೊಂಡು ಡಂಬಾರ್ಟನ್ ಸೇತುವೆ ದಾಟಿ ಸ್ಟ್ಯಾನ್‌ಫರ್ಡಿಗೆ ಹೋದೆ. ಎಲ್ಲರೂ ಚರ್ಚಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಬೇಕಿದ್ದದ್ದು ಕ್ಯಾಂಪಸ್ಸಿನ ಹಿಂದಿನ ಗುಡ್ಡ. ಅಲ್ಲಿರುವ ನಡವಳಿಕೆ ವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರದಲ್ಲಿ ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಿಗೆ ಒಂದು ಕೋಣೆ ಇತ್ತು. 1970ರ ಏಪ್ರಿಲ್ 24ರಂದು ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು. ಅವರು ಅಧ್ಯಯನ ಮಾಡಿದ್ದ ರಾಂಪುರ ಎಂಬ ಹಳ್ಳಿಯ ಬಗ್ಗೆ ಹದಿನೆಂಟು ವರ್ಷ ತಿದ್ದಿ ವಿಂಗಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಬೂದಿಯಾದವು. ಸೋಲ್ ಟ್ಯಾಕ್ಸ್ ಎಂಬ ಗೆಳೆಯ, ನೆನಪಿನಿಂದಲೇ ಬರೆ ಅಂದನಂತೆ. ಹಾಗೆ ಬಂದ ‘ದಿ ರಿಮೆಂಬರ್ಡ್ ವಿಲೇಜ್’ ಪುಸ್ತಕವನ್ನು 1976ರಲ್ಲಿ ಅಚ್ಚು ಹಾಕಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯ. ಅದಕ್ಕೂ ಮೊದಲು, 1963ರ ಮೇ ತಿಂಗಳಲ್ಲಿ, ಬರ್ಕ್ಲಿಯಲ್ಲಿ ಕೊಟ್ಟ ಟ್ಯಾಗೋರ್ ಉಪನ್ಯಾಸಗಳಿಂದ ಅವರ ಇನ್ನೊಂದು ಪುಸ್ತಕ ಹುಟ್ಟಿತ್ತು. ಗುಡ್ಡದ ಮೇಲೆ ಓಕ್ ಮರಗಳು, ಒಣಗಿದ ಹುಲ್ಲು, ದೂರದಲ್ಲಿ ಕೊಲ್ಲಿಯ ನೀರು. ಮಗ, “ಇದನ್ನ ನೋಡೋಕೆ ಇಷ್ಟು ದೂರನಾ ಅಮ್ಮ?” ಅಂದ. ಮೊಮ್ಮಗಳು ರಾಂಪುರ ಎಲ್ಲಿದೆ ಅಂತ ಕೇಳಿದಳು. ನಿಜವಾದ ಹೆಸರು ಕೊಡಗಹಳ್ಳಿ, ಬನ್ನೂರಿನ ಹತ್ತಿರ, ನಮ್ಮೂರಿಂದ ಬಸ್ಸಲ್ಲಿ ಹೋಗಿಬರುವಷ್ಟು ದೂರ ಅಂದೆ. “ಹೆಸರು ಯಾಕೆ ಚೇಂಜ್ ಮಾಡಿದ್ರು?” ಊರಿನವರಿಗೆ ತೊಂದರೆ ಆಗಬಾರದಲ್ಲ ಅಂದೆ. ಅದನ್ನು ಫೋನಿನಲ್ಲಿ ಬರೆದುಕೊಂಡಳು.

ಶ್ರೀನಿವಾಸರು 1948ರಲ್ಲಿ ಆ ಊರಿನಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರು, 1952ರಲ್ಲಿ ಮತ್ತೆ ಹೋದದ್ದು ಬೇಸಿಗೆಯಲ್ಲಿ. ಆಗ ಬರೋಡಾದಲ್ಲಿ ಮೇಷ್ಟ್ರು. ನಮ್ಮ ಕಡೆ ಬೇಸಿಗೆ ಅಂದರೆ ಊರು ತನ್ನನ್ನು ತಾನು ಬಿಚ್ಚಿ ತೋರಿಸುವ ಕಾಲ: ಮದುವೆ, ಜಾತ್ರೆ, ಕೊಂಡ, ಪಾಲುಪಂಚಾಯಿತಿ, ಬೆಂಗಳೂರಿಂದ ಬಂದ ನೆಂಟರು. ಆ ಹೊತ್ತಿಗೆ ನಾನೇನು ಮಾಡುತ್ತಿದ್ದೆ? ಮೌಲ್ಯಮಾಪನ ಕೇಂದ್ರದ ಫ್ಯಾನಿನ ಕೆಳಗೆ ದಿನಕ್ಕಿಷ್ಟು ಅಂತ ಉತ್ತರಪತ್ರಿಕೆ ತಿದ್ದುತ್ತಿದ್ದೆ. “ಗ್ರಾಮ ಸಮುದಾಯದ ಲಕ್ಷಣಗಳನ್ನು ವಿವರಿಸಿ, ಹತ್ತು ಅಂಕ.” ಬರೆದ ಹುಡುಗ ಅಷ್ಟರಲ್ಲಿ ಅದೇ ಗ್ರಾಮದಲ್ಲಿ ಅಣ್ಣನ ಮದುವೆಗೆ ಚಪ್ಪರ ಹಾಕುತ್ತಿದ್ದ. ಅವನೂ ನಾನೂ ಒಂದು ಮಾತು ಆಡಿಕೊಂಡವರಲ್ಲ. ಯುಜಿಸಿಯ 2022ರ ಚೌಕಟ್ಟಿನಲ್ಲಿ ಎಂಟು ವಾರದ ಬೇಸಿಗೆ ಅವಧಿ ಎಂಬುದೊಂದಿದೆ. ಆದರೆ ಅದು ಇಂಟರ್ನ್‌ಶಿಪ್ಪಿಗೆ, ಕಸುಬಿನ ತರಬೇತಿಗೆ. ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ವಾಪಸಾದ ಮೇಲೆ ಆ ಮಾತೂ ಹಿಂದೆ ಸರಿಯಿತು. ಇರಲಿ. ಅಮೆರಿಕದ ಆರು ವಾರದ ಓಟವನ್ನು ಇಲ್ಲಿಗೆ ತನ್ನಿ ಎಂದು ನಾನು ಅರ್ಜಿ ಹಾಕುತ್ತಿಲ್ಲ. ರಜೆಗೆ ಊರಿಗೆ ಹೊರಟ ಹುಡುಗನ ಕೈಗೆ ಒಂದು ಒಳ್ಳೆಯ ಪ್ರಶ್ನೆ ಕೊಟ್ಟು ಕಳಿಸಬಹುದಿತ್ತು. ಅದಕ್ಕೆ ಯಾವ ಸುತ್ತೋಲೆಯೂ ಬೇಕಿರಲಿಲ್ಲ.

ಐದನೇ ವಾರದ ಪಾಠ ಸಾಮಾಜಿಕ ಶ್ರೇಣೀಕರಣ. ಅಮೆರಿಕದ ಪ್ರವೇಶಪುಸ್ತಕಗಳಲ್ಲಿ ಈ ಅಧ್ಯಾಯಕ್ಕೆ ಬಂದರೆ ಭಾರತ ಹಾಜರು: ಮುಚ್ಚಿದ ವ್ಯವಸ್ಥೆ, ಉದಾಹರಣೆ, ಜಾತಿ. ಎರಡು ಪ್ಯಾರಾ, ಒಂದು ಚಿತ್ರ. ಮೊಮ್ಮಗಳು ಪುಸ್ತಕದಿಂದ ತಲೆಯೆತ್ತಿ, “ಅಜ್ಜಿ, ವಾಟ್ ಆರ್ ವೀ?” ಅಂದಳು. ಮಗ ಪಾತ್ರೆ ತೊಳೆಯುತ್ತಿದ್ದವನು (ಫ್ರಿಜ್ಜಿನ ಹಾಳೆಯ ಪ್ರಭಾವ) ನಲ್ಲಿ ನಿಲ್ಲಿಸಿದ. “ಅದೆಲ್ಲ ಈಗ ಇಲ್ಲ ಪುಟ್ಟಿ” ಅಂದ. ಈಗ ಇಲ್ಲದ್ದಕ್ಕೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ತನ್ನ ತಾರತಮ್ಯ ವಿರೋಧಿ ನಿಯಮದಲ್ಲಿ ಜಾತಿಯನ್ನು ಹೆಸರಿಸಿತ್ತು. ಮರುವರ್ಷ ರಾಜ್ಯದ ಶಾಸನಸಭೆ ಅಂಥದೇ ಮಸೂದೆ ಪಾಸು ಮಾಡಿತ್ತು, ರಾಜ್ಯಪಾಲ ನ್ಯೂಸಮ್ ಅದಕ್ಕೆ ಸಹಿ ಹಾಕದೆ ವಾಪಸು ಕಳಿಸಿದ್ದ. ಆ ದಿನಗಳಲ್ಲಿ ಅಲ್ಲಿಯ ನಮ್ಮವರ ವಾಟ್ಸ್ಆ್ಯಪ್ ಗುಂಪುಗಳು ಹೊತ್ತಿ ಉರಿದದ್ದನ್ನು ಮಗನೇ ಹೇಳಿದ್ದ. “ಒಕ್ಕಲಿಗರು” ಅಂದೆ ನಾನು. ಶ್ರೀನಿವಾಸರು ರಾಂಪುರದಲ್ಲಿ ನೋಡಿ ‘ಪ್ರಬಲ ಜಾತಿ’ ಅಂತ ಹೆಸರಿಟ್ಟರಲ್ಲ, ಅದು ನಾವೇ.

ಆ ವಾರದ ಕೆಲಸ, ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಮೂರು ತಲೆಮಾರಿನ ಕಸುಬು, ಓದು, ಆಸ್ತಿ ಕೇಳಿ ಬರೆಯುವುದು. “ರೆಕಾರ್ಡ್ ಮಾಡ್ಲಾ?” ಅಂದಳು. ಸೆರಗು ಸರಿಮಾಡಿಕೊಂಡು ಕೂತೆ. ಅಪ್ಪನ ನಾಲ್ಕು ಎಕರೆ ಗದ್ದೆ, ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬು, ಮೈಷುಗರಿಗೆ ಹೋಗುತ್ತಿದ್ದ ಗಾಡಿಗಳ ಸಾಲು, ಹೆಣ್ಣುಮಗಳನ್ನು ಕಾಲೇಜಿಗೆ ಕಳಿಸಿದ ಅಪ್ಪನ ಎದೆಗಾರಿಕೆ. ಚೆನ್ನಾಗಿಯೇ ಹೇಳಿದೆ. ನಲವತ್ತೈದು ನಿಮಿಷದ ಪಿರಿಯಡ್ಡು ತುಂಬಿಸುವುದು ನನಗೆ ಅಭ್ಯಾಸ.

“ಮನೆ ಪ್ಲಾನ್ ಬರಿ ಅಜ್ಜಿ” ಅಂತ ಪೆನ್ಸಿಲ್ಲು ಕೊಟ್ಟಳು. ತೊಟ್ಟಿಮನೆ ಬರೆದೆ. ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು, ಪಕ್ಕದಲ್ಲಿ ಕೊಟ್ಟಿಗೆ. “ಈಗ ಯಾರ್ ಯಾರು ಎಲ್ಲಿ ನೀರು ಕುಡೀತಿದ್ರು, ಒಂದೊಂದು ಡಾಟ್ ಇಡು.” ಅಪ್ಪ ಪಡಸಾಲೆ. ಅವ್ವ ಅಡುಗೆಮನೆ. ನಾವು ಮಕ್ಕಳು ಎಲ್ಲೆಂದರಲ್ಲಿ.

“ಕೆಲಸದವರು?”

“ನಮ್ಮಪ್ಪ ಆಳುಗಳನ್ನ ಮನೆಯವರ ಹಾಗೇ ನೋಡ್ಕೊಳ್ತಿದ್ರು.”

“ಓಕೆ. ಡಾಟ್ ಎಲ್ಲಿ?”

ಪೆನ್ಸಿಲ್ಲು ಕೊಟ್ಟಿಗೆಯ ಹತ್ತಿರ ಹೋಯಿತು. ಅಲ್ಲಿ ಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಒಂದು ಸಿಲ್ವರ್ ಲೋಟ. ಅಲ್ಯೂಮಿನಿಯಮ್ಮಿಗೆ ನಮ್ಮ ಕಡೆ ಸಿಲ್ವರ್ ಎನ್ನುವುದು. ಅಂಚು ಒಂದು ಕಡೆ ಒಳಕ್ಕೆ ತಗ್ಗಾಗಿತ್ತು. ಅವ್ವ ಚೊಂಬಿನಿಂದ ಮೇಲಿಂದ ಸುರಿಯುತ್ತಿದ್ದಳು, ಲೋಟಕ್ಕೆ ಚೊಂಬು ತಾಗದಂತೆ. ಕುಡಿದಾದ ಮೇಲೆ ಆಳು ತಾನೇ ತೊಳೆದು ಗೂಡಿಗೆ ಬೋರಲು ಹಾಕುತ್ತಿದ್ದ. ಇಷ್ಟನ್ನೂ ನಾನು ಹೇಳಿದ್ದು ಮೊಮ್ಮಗಳು ಒತ್ತಾಯಿಸಿದ್ದಕ್ಕಲ್ಲ. ಅವಳ ದನಿಯಲ್ಲಿ ದೂರೂ ಇರಲಿಲ್ಲ, “ಲೋಟದ ಕಲರ್ ಏನು?” ಎಂದು ಕೇಳುವ ಹಾಗೆ ಕೇಳುತ್ತಿದ್ದಳು.

‘ಅಸ್ಪೃಶ್ಯತೆಯ ಸ್ವರೂಪಗಳು’ ಎಂದು ಕಪ್ಪುಹಲಗೆಯ ಮೇಲೆ ಬರೆದು, ಕೆಳಗೆ ಒಂದು, ಎರಡು, ಮೂರು ಹಾಕಿ ಮೂವತ್ತೊಂದು ವರ್ಷ ಪಾಠ ಮಾಡಿದೆ. ಮೂರನೆಯ ಅಂಶ, ಪ್ರತ್ಯೇಕ ಪಾತ್ರೆ. ನಮ್ಮ ಕೊಟ್ಟಿಗೆಯ ಲೋಟ ನನಗೆ ಗೊತ್ತಿರಲಿಲ್ಲ ಅಂತಲ್ಲ. ಆ ಲೋಟವನ್ನೂ ಆ ಮೂರನೇ ಅಂಶವನ್ನೂ ಒಂದೇ ಕಡೆ ಇಟ್ಟು ನೋಡಿರಲಿಲ್ಲ, ಅಷ್ಟೇ. ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ಬರೆದುಕೊಳ್ಳುತ್ತಿದ್ದ ಹುಡುಗರಲ್ಲಿ ಕೆಲವರಿಗಾದರೂ ಅಂಥ ಲೋಟದಲ್ಲಿ ಕುಡಿದ ತಾತ ಇದ್ದಿರಬೇಕು. ಮೇಡಂ ಹೇಳಿದ ಹಾಗೆ ಅಂಡರ್‌ಲೈನ್ ಹಾಕಿಕೊಳ್ಳುತ್ತಿದ್ದರು.

“ಅಮ್ಮ, ಅದೆಲ್ಲ ಯಾಕೆ ಹೇಳೋಕೆ ಹೋದೆ? ಅವಳು ಬರೆದುಬಿಡ್ತಾಳೆ” ಅಂದ ಮಗ, ಅವಳು ಮೇಲಕ್ಕೆ ಹೋದ ಮೇಲೆ. ಸೊಸೆ, “ಬರೀಲಿ ಬಿಡಿ” ಅಂದಳು.

ಭಾನುವಾರ ರಾತ್ರಿ. ಸಾವಿರದ ಇನ್ನೂರು ಪದ ಮೀರಬಾರದು. ಹುಡುಗಿ ಕತ್ತರಿಸುತ್ತ ಕೂತಿದ್ದಳು. ಅಪ್ಪನ ಎದೆಗಾರಿಕೆಯ ಪ್ಯಾರಾ ಹೋಯಿತು. ಕಬ್ಬಿನ ಗಾಡಿಗಳ ಸಾಲು ಅರ್ಧ ಸಾಲಾಯಿತು. ಲೋಟ ಉಳಿಯಿತು, ತಗ್ಗಿನ ಸಮೇತ. ಆಮೇಲೆ ನನ್ನ ಕಡೆ ತಿರುಗಿ, “ಅಜ್ಜಿ, ಎಲ್ಲರ ಹೆಸರೂ ಚೇಂಜ್ ಮಾಡ್ಬೇಕಂತೆ, ನಿನ್ನ ರಾಂಪುರದ ಥರ. ಲೋಟದಲ್ಲಿ ಕುಡೀತಿದ್ರಲ್ಲ, ಅವರ ನಿಜವಾದ ಹೆಸರೇನು? ಅದೇ ಹೆಸರು ಬೈ ಮಿಸ್ಟೇಕ್ ಇಟ್ಬಿಟ್ರೆ?” ಅಂದಳು.

ಬಾಯಿ ತೆರೆದೆ. ಬರಲಿಲ್ಲ. ಹೆಗಲ ಮೇಲಿನ ಟವೆಲ್ಲು ಬಂತು, ಹಿಮ್ಮಡಿಯ ಬಿರುಕು ಬಂತು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾಲೆ ದಾಟಿಸಿದ್ದು ಬಂತು.

ಊರಲ್ಲಿ ಆಗ ಹಗಲು ಹನ್ನೊಂದೂವರೆ. ಅಕ್ಕನಿಗೆ ವಿಡಿಯೊ ಕಾಲ್ ಮಾಡಿದೆ. ಅವಳು ಅವರೆಕಾಳು ಹಿಸುಕುತ್ತಿದ್ದಳು.

“ಅವನಾ? ಅಯ್ಯೋ, ನಮ್ಮ ಕೊಟ್ಟಿಗೇಲಿ ಇದ್ದನಲ್ಲ... ಏನವನ ಹೆಸರು... ಅವನು ಹೂಡ್ತಿದ್ದ ಎತ್ತು ನೆನಪವೆ ಕಣೇ. ಒಂದು ಭೀಮ, ಒಂದು ಕರಿಯ. ಅವನ್ದು... ತಡಿ, ಅಣ್ಣನ್ನ ಕೇಳ್ತೀನಿ, ಗದ್ದೆ ಕಡೀಕೆ ಹೋಗವ್ನೆ.”

ಫೋನನ್ನು ಹಾಗೇ ಜಗಲಿಯ ಮೇಲಿಟ್ಟು ಎದ್ದಳು. ಪರದೆ ತುಂಬ ಹೆಂಚಿನ ಸೂರು. ದೂರದಲ್ಲಿ ಯಾರನ್ನೋ ಕೂಗುವುದು ಕೇಳಿಸುತ್ತಿತ್ತು. ಮೊಮ್ಮಗಳು ಹೆಸರಿನ ಜಾಗ ಖಾಲಿ ಬಿಟ್ಟು ಮುಂದಿನ ಪ್ಯಾರಾಕ್ಕೆ ಹೋದಳು. ಗಂಟೆ ಹನ್ನೊಂದು ಹತ್ತು.